ಹೊಸ ಮಾಡೆಲ್ ಬರುವವರೆಗೆ

ಜನವರಿ 12, ಸೋಮವಾರ. ಮಧ್ಯಾಹ್ನ

ಅಂಗಡಿ ತೆರೆದು ಕಸ ಗುಡಿಸಿದೆ. ಲ್ಯಾಪ್‌ಟಾಪಿನ ಪರದೆ ಎತ್ತಿ, ಹಿಂದಕ್ಕೆ ಬೀಳದಂತೆ ಲಗ್ನಪತ್ರಿಕೆಯ ಸ್ಯಾಂಪಲ್ ಆಲ್ಬಂ ಒತ್ತುಕೊಟ್ಟೆ — ಕೀಲು ಮುರಿದು ಎರಡು ವರ್ಷ. ಅದು ಆನ್ ಆಗುವಷ್ಟರಲ್ಲಿ ಟೀ ತರಿಸಿ, ಕುಡಿದು, ಲೋಟವನ್ನೂ ವಾಪಸ್ ಕೊಟ್ಟು ಬರಬಹುದು.

ಅಷ್ಟರಲ್ಲಿ ಸಂಘಮಿತ್ರಾ. ಕೈಯಲ್ಲಿ ಮೈಸೂರ್ ಪಾಕ್.

"ಮಾಲೂ, ಲ್ಯಾಪ್‌ಟಾಪ್ ಬಂತು ಕಣೇ! ನೀನೇ ಮೊದ್ಲು ನೋಡ್ಬೇಕು, ಬಾ."

ನೋಡಿದೆ. ಮಾರ್ಕೆಟ್ಟಿಗೆ ಬಂದು ಹದಿನೈದು ದಿನವೂ ಆಗಿಲ್ಲ. ಮುಚ್ಚಳದ ಮೇಲೆ ಕುಂಕುಮ ಇಟ್ಟಿದ್ದಳು. ಒತ್ತಿದ ತಕ್ಷಣ ಬೆಳಕು... ಬೀರೂರಿನ ಟೈಪಿಂಗ್ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚು. ಯಾವ ಬೆರಳು ಎಲ್ಲಿಡಬೇಕೆಂದು ಅವಳಿಗೆ ತೋರಿಸಿಕೊಟ್ಟವಳು ನಾನು. ತರೀಕೆರೆಗೆ ಮದುವೆಯಾಗಿ ಹೋದವಳು, ದೀಪಾವಳಿಗೆ ಇಲ್ಲಿ ಅಜ್ಜಂಪುರಕ್ಕೇ ಬಂದು, ನನ್ನಿಂದ ಮೂರು ಬಾಗಿಲಾಚೆ ಲಗ್ನಪತ್ರಿಕೆ ಮಾಡುವ ನನ್ನದೇ ಕೆಲಸ ಶುರುಮಾಡಿದಳು. ದಿನಾ ತರೀಕೆರೆ ಬಸ್ಸಿನಲ್ಲಿ ಬರುತ್ತಾಳೆ, ಹೋಗುತ್ತಾಳೆ.

ಮೈಸೂರ್ ಪಾಕ್ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ಜನವರಿ 17, ಶನಿವಾರ

ಕಡೂರಿಗೆ ಹೋಗಿ ಬಂದೆ. ಅದೇ ಲ್ಯಾಪ್‌ಟಾಪ್, ಅದೇ ಬಣ್ಣ. ಬೇಕು. ಬೇಕೇ ಬೇಕು. ಆದರೆ ಅದನ್ನೇ ತಂದರೆ? "ಅವ್ಳನ್ನ ನೋಡಿ ಇವ್ಳೂ ತಂದ್ಲು" ಎನ್ನುತ್ತದೆ ಬಸ್ ಸ್ಟ್ಯಾಂಡ್ ಪೂರ್ತಿ.

ಇದಕ್ಕಿಂತ ಹೊಸದು ಯಾವಾಗ ಎಂದು ಅಂಗಡಿಯವನನ್ನು ಕೇಳಿದೆ.

"ಇದೇ ಹೊಸದು ಕಣ್ರೀ ಮೇಡಂ. ಮುಂದಿಂದು ಏಪ್ರಿಲ್‌ಗೆ ಬರ್ಬೋದು. ಮದ್ವೆ ಸೀಸನ್ ಇಟ್ಕೊಂಡು ಅಲ್ಲೀವರ್ಗೂ ಕಾಯ್ತೀರಾ?"

ಕಾಯುತ್ತೇನೆ ಎಂದೆ. ಅವಳದು ಹಳೆಯದಾಗಲಿ.

ಮನೆಯಲ್ಲಿ ಇವರು ಊಟಕ್ಕೆ ಕೂತು, "ದುಡ್ಡು ಎತ್ತಿಟ್ಟಿದೀಯ, ತಗೊಳ್ಳೋಕೇನು? ಸಂಘಮಿತ್ರಾ ಎಷ್ಟ್ ಚೆನ್ನಾಗ್ ಮಾಡ್ತಾರಂತೆ ಅದ್ರಲ್ಲಿ" ಎಂದರು. ಸಾರು ಬಡಿಸಲಿಲ್ಲ. ಅವರೇ ಬಡಿಸಿಕೊಂಡರು.

ಜನವರಿ 24, ಶನಿವಾರ

ದೇವೀರಪ್ಪನವರು ಮಗ ಸತೀಶನ ಮದುವೆ ಪತ್ರಿಕೆ ಅವಳಿಗೆ ಕೊಟ್ಟಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ಪತ್ರಿಕೆ ಮಾಡಿಕೊಟ್ಟವಳು ನಾನು! ದಾರಿಯಲ್ಲಿ ಸಿಕ್ಕಾಗ ಅವರೇ ಹೇಳಿದರು.

"ಬೇಜಾರ್ ಮಾಡ್ಕಬೇಡ ಕಣಮ್ಮ. ಆ ಹುಡುಗಿ ಕಾಪಿ ಕುಡಿಯೋದ್ರೊಳಗೆ ಬಣ್ಣಬಣ್ಣವಾಗಿ ತೋರಿಸ್ಬಿಟ್ಲು. ನಿನ್ ಮಿಷಿನ್ ಮುಂದೆ ಕಾಯ್ಕಂಡ್ ಕೂರಕ್ಕಾಯ್ತದಾ?"

ನಕ್ಕೆ. ಹೊಟ್ಟೆ ಉರಿಯಿತು. ಕೆಲಸ ಹೋಯಿತೆಂದಲ್ಲ. "ತೋರಿಸ್ಬಿಟ್ಲು" ಎನ್ನುವಾಗ ಅವರ ಮುಖ ಅರಳಿತಲ್ಲ, ಅದಕ್ಕೆ.

ಜನವರಿ 27, ಮಂಗಳವಾರ. ಬೆಳಿಗ್ಗೆ 11

ಸಂಘಮಿತ್ರಾ ಪೆನ್ ಡ್ರೈವ್ ಹಿಡಿದು ಬಂದಳು.

"ದೇವೀರಪ್ಪನವ್ರ ಮನೆ ಹೆಸರಿನ ಪಟ್ಟಿ ನಿನ್ ಹತ್ರ ಇದೆಯಂತಲ್ಲ. 'ಹೋದ್ ಸಲ ಇದ್ದಂಗೇ ಹಾಕು' ಅಂದ್ರು. ಕೊಡ್ತೀಯೇನೇ?"

ಮದುವೆಗೆ ಬನ್ನಿ ಎಂದು ಕರೆಯುವ ಮನೆಯವರ ಪಟ್ಟಿ. ಮೂವತ್ತನಾಲ್ಕು ಹೆಸರು, ಯಾರ ಮೇಲೆ ಯಾರು ಎಂಬುದು ಆ ಮನೆಯಲ್ಲಿ ಜಗಳವಾಗಿ ತೀರ್ಮಾನವಾದದ್ದು. ಮೊದಲ ಹೆಸರು ದೇವೀರಪ್ಪನವರ ಅಣ್ಣ ಈರಭದ್ರಪ್ಪನವರದು. ಶ್ರಾವಣದಲ್ಲಿ ತೀರಿಕೊಂಡರು. ತೀರಿಕೊಂಡವರ ಹೆಸರು ಕರೆಯುವವರ ಸಾಲಿನಲ್ಲಿ ಇರಕೂಡದು. "ಲಿಂಗೈಕ್ಯ" ಎಂದು ಸೇರಿಸಿ, ಮೇಲೆ ಆಶೀರ್ವಾದದ ಸಾಲಿಗೆ ಒಯ್ಯಬೇಕು. ಸಂಘಮಿತ್ರಾಗೆ ಇದು ಗೊತ್ತಿಲ್ಲ. ಆಗ ಅವಳು ಇಲ್ಲಿರಲೇ ಇಲ್ಲ.

ಮೌಸ್ ಮೇಲೆ ಕೈಯಿತ್ತು. ಫೈಲು ಇದ್ದ ಹಾಗೇ ಹಾಕಿಕೊಟ್ಟೆ.

ಅಚ್ಚಿಗೆ ಕಳಿಸುವ ಮೊದಲು ಮನೆಯವರಿಗೆ ತೋರಿಸುತ್ತಾಳಲ್ಲ, ಅವರೇ ಹೇಳುತ್ತಾರೆ. ನನಗೇನು?

ಜನವರಿ 30, ಶುಕ್ರವಾರ

ಅವಳ ಅಂಗಡಿ ಮುಂದೆ ಹಾದೆ. ಕೂಗಿ ಕರೆದಳು. ಟೀ ಕೊಟ್ಟಳು. ಪರದೆ ತುಂಬ ಸತೀಶನ ಪತ್ರಿಕೆ. ಕೆಂಪು ಅಂಚು, ಮೇಲೆ ಗಣಪತಿ, ಮೂಲೆಯಲ್ಲಿ ಹುಡುಗ ಹುಡುಗಿಯ ಫೋಟೋ. ಕೆಳಗೆ ಮೊದಲ ಹೆಸರು — ಈರಭದ್ರಪ್ಪ.

"ಮನೆಯವ್ರು ನೋಡಿದ್ರಾ?"

"ಸತೀಶನ ಮೊಬೈಲ್‌ಗೆ ಕಳಿಸ್ದೆ. ಫೋಟೋ ಸೂಪರ್ ಅಂದ್ಬಿಟ್ಟ. ನಾಳೆ ಪ್ರಿಂಟು. ಹೆಂಗಿದೆಯೇ?"

ನಾನಾಗಿದ್ದರೆ ಮನೆಯ ಹಿರಿಯರನ್ನು ಎದುರು ಕೂರಿಸಿಕೊಂಡು ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತೇನೆ. ಹದಿನಾರು ವರ್ಷದಿಂದ ಹಾಗೇ.

"ಚೆನ್ನಾಗಿದೆ" ಎಂದೆ. ಟೀ ಪೂರ್ತಿ ಕುಡಿದು ಬಂದೆ.

ಫೆಬ್ರವರಿ 3, ಮಂಗಳವಾರ. ಸಂಜೆ

ದೇವೀರಪ್ಪನವರು ಅಂಗಡಿಗೆ ಬಂದರು. ಕೂರಲಿಲ್ಲ. ಬೆಳಿಗ್ಗೆ ಮೊದಲ ಪತ್ರಿಕೆಯನ್ನು ಅಂತರಘಟ್ಟಮ್ಮನ ಮುಂದಿಟ್ಟು ಪೂಜೆ ಮಾಡಿಸಿದರಂತೆ. ಗುಡಿಯ ಹೊರಗೆ ಬಂದು ಮೊಮ್ಮಗಳ ಕೈಲಿ ಓದಿಸಿದ್ದಾರೆ. ಅತ್ತಿಗೆ ವಿಮಲಮ್ಮನವರು ಪಕ್ಕದಲ್ಲೇ ಇದ್ದರು. ಗಂಡ ಹೋದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಲಿ ಎಂದು ಹಟ ಹಿಡಿದು ಈ ಮದುವೆ ಕೂಡಿಸಿದವರೇ ಅವರು. ಮೊದಲ ಹೆಸರು ಕೇಳಿದವರು, "ಇವ್ರು ಎಲ್ಲಿಂದ ಕರೀತಾರಪ್ಪ?" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಮಧ್ಯಾಹ್ನ ಊಟ ಮಾಡಿಲ್ಲ.

"ನೀನೇ ಮಾಡ್ಕೊಡವ್ವ. ನೀನಾಗಿದ್ರೆ ಓದಿ ಹೇಳ್ತಿದ್ದೆ" ಎಂದರು.

ಇಲ್ಲಿ ಸುಳ್ಳು ಬರೆದು ಏನು ಉಪಯೋಗ? ಮೊದಲು ಖುಷಿಯಾಯಿತು. ಆಮೇಲೆ ಆ ಮೆಟ್ಟಿಲು ಕಣ್ಣ ಮುಂದೆ ಬಂತು.

ಫೆಬ್ರವರಿ 4, ಬುಧವಾರ

ಸಂಘಮಿತ್ರಾ ಬಂದಳು. ಕಣ್ಣು ಊದಿತ್ತು. ಬೈಯಲಿ ಎಂದು ಕಾದೆ.

"ನಂದೇ ತಪ್ಪು ಕಣೇ. ನೀನು ಕೇಳ್ದೆ, ಮನೆಯವ್ರು ನೋಡಿದ್ರಾ ಅಂತ. ಆಗ್ಲೇ ನಾನು ಎಚ್ಚೆತ್ಕೋಬೇಕಿತ್ತು."

ಮೇಜಿನ ಮೇಲೆ ಚೀಲ ಇಟ್ಟಳು. ಒಳಗೆ ಆ ಲ್ಯಾಪ್‌ಟಾಪ್.

"ನಿಂದ್ರಲ್ಲಿ ಅಷ್ಟು ಬೇಗ ಆಗಲ್ಲ. ಅವ್ರಿಗೆ ನಾಡಿದ್ದೇ ಬೇಕಂತೆ. ಮುಗಿಯೋವರ್ಗೂ ಇಟ್ಕೋ."

ಚೀಲವನ್ನು ನನ್ನ ಕಡೆಗೆ ಎಳೆದುಕೊಂಡೆ.

ಫೆಬ್ರವರಿ 5, ಗುರುವಾರ. ಮಧ್ಯಾಹ್ನ 3

ಒತ್ತಿದ ತಕ್ಷಣ ಬೆಳಕು. ಹೆಸರು ಮೇಲಕ್ಕೆ ಒಯ್ದು "ಲಿಂಗೈಕ್ಯ" ಸೇರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಡೂರಿನಿಂದ ಫೋನ್ ಬಂತು — ಆ ಮಾಡೆಲ್ ಒಂದೇ ಉಳಿದಿದೆ, ತೆಗೆದಿಡಲಾ ಅಂತ. ಆಮೇಲೆ ಹೇಳುತ್ತೇನೆ ಎಂದೆ.

ಎರಡು ಗಂಟೆಗೆ ವಿಮಲಮ್ಮನವರೇ ಬಂದರು. ಎದುರು ಕೂರಿಸಿ ಮೂವತ್ತನಾಲ್ಕೂ ಹೆಸರು ಓದಿದೆ. ಗಂಡನ ಹೆಸರು ಬಂದಾಗ ಕೈ ಮುಗಿದರು. ಸಂಘಮಿತ್ರಾ ಚಾರ್ಜರ್ ಕೊಡಲು ಬಂದವಳು ಬಾಗಿಲಲ್ಲೇ ನಿಂತಿದ್ದಳು.

"ಆ ಪಟ್ಟಿ ಯಾರ್ ಕೊಟ್ಟಿದ್ದವ್ವ ನಿಂಗೆ?" ವಿಮಲಮ್ಮ ಅವಳನ್ನು ಕೇಳಿದರು.

"ನಾನೇ ಎಲ್ಲೋ ಹುಡುಕ್ಕೊಂಡೆ ಅಮ್ಮ" ಎಂದಳು. ನನ್ನತ್ತ ನೋಡಲಿಲ್ಲ.

ವಿಮಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದರು.

"ನಿನ್ನನ್ನೇ ಕೇಳಿದ್ರೆ ಆಯ್ತಿತ್ತು ಇವ್ಳು. ನಮ್ಮನೆಯವ್ರ ಹನ್ನೊಂದನೇ ದಿನದ ಕಾರ್ಡು ನೀನೇ ಅಲ್ವಾ ಮಾಡಿದ್ದು?"

ಸಂಘಮಿತ್ರಾ ಈಗ ನನ್ನತ್ತ ತಿರುಗಿದಳು.

ನಾನು ಹೇಳಿದ್ದು — "ಪಟ್ಟಿ ಕೊಟ್ಟಿದ್ದು ನಾನೇ ಅಮ್ಮ, ಗೊತ್ತಿದ್ದೂ ಇವ್ಳಿಗೆ ಹೇಳ್ಲಿಲ್ಲ."