ನೀನು ಕಾದಿರಿಸಿದ ಎರಡು ಸೀಟು

ಮನೆಯಿಂದ, ಅಪ್ಪನ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು,
ಬುಧವಾರ ಮಧ್ಯಾಹ್ನ.

ಪ್ರೀತಿಯ ಅಕ್ಕಾ,

ನಿನ್ನ ಕತ್ತು ನೋವು ಹೇಗಿದೆ? ಹೊಸ ದಿಂಬು ತಂದುಕೊಂಡೆ ಎಂದಿದ್ದೆಯಲ್ಲ, ಅದು ಒಗ್ಗಿತೇ? ಭಾವನ ಒಣಕೆಮ್ಮು ಇನ್ನೂ ಬಿಟ್ಟಿಲ್ಲವೆಂದರೆ ಆ ಡಾಕ್ಟರನ್ನು ಬದಲಾಯಿಸಿ. ನೀನು ಮನೆಮದ್ದು ಮಾಡುತ್ತಾ ಕೂರಬೇಡ, ನಿನಗೆ ಶುಂಠಿಗೂ ಅರಿಶಿನಕ್ಕೂ ವ್ಯತ್ಯಾಸ ತಿಳಿದದ್ದೇ ಮದುವೆಯಾದ ಮೇಲೆ. ಇಲ್ಲಿ ಅಪ್ಪ ಉಣ್ಣುತ್ತಾರೆ, ಮಲಗುತ್ತಾರೆ, ಎದ್ದರೆ ನಿನ್ನನ್ನು ಕೇಳುತ್ತಾರೆ. ನಾನು ಹೇಗಿದ್ದೇನೆ ಎಂದು ನೀನು ಕೇಳಿದ್ದೀಯೆಂದೇ ಇಟ್ಟುಕೊಂಡು ಹೇಳುತ್ತೇನೆ: ಚೆನ್ನಾಗಿದ್ದೇನೆ.

ಪ್ರವಾಸ ಹೇಗಾಯಿತು, ಫೋಟೋ ಎಲ್ಲಿ ಎಂದು ನೀನು ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದೀಯ. ಫೋಟೋ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡು ಮಾತಾಡುವಷ್ಟರಲ್ಲಿ "ಅಯ್ಯೋ, ನಿಂಗೆ ಎಲ್ಲಾನೂ ಭಾರ ಆಗ್ಬಿಡುತ್ತಮ್ಮಾ" ಎಂದು ಬಾಯಿ ಹಾಕುತ್ತೀಯ, ಆಮೇಲೆ ನಾನು ನಿನಗೆ ಸಮಾಧಾನ ಹೇಳಿ ಫೋನ್ ಇಡಬೇಕಾಗುತ್ತದೆ. ಅದಕ್ಕೇ ಕಾಗದ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ.

ಹಳೆಯ ಜಾಗಗಳನ್ನು ತೋರಿಸಿದರೆ ಮರೆವಿನವರಿಗೆ ನೆನಪು ಮರಳುತ್ತದೆ ಎಂದು ನೀನು ಎಲ್ಲೋ ಓದಿದೆ. ಓದಿದ ದಿನವೇ, ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಊರಿನ ಕೋಟೆ, ಸಮಾಧಿ, ಅರಮನೆಗಳನ್ನು ಒಂದೇ ದಿನದಲ್ಲಿ ತೋರಿಸುವ ಬಸ್ಸಿನಲ್ಲಿ ಎರಡು ಸೀಟು ಕಾದಿರಿಸಿ, "ಅಪ್ಪಂಗೆ ನನ್ ಕಡೆಯಿಂದ" ಎಂದು ಬರೆದು ಕಳಿಸಿದೆ. ಯೋಚನೆ ಕೆಟ್ಟದ್ದೇನಲ್ಲ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಷ್ಟು ಕಾಲವೂ ಅಪ್ಪ ವರ್ಷಕ್ಕೊಂದು ಸಲ ಮಕ್ಕಳನ್ನು ಸಾಲುಗಟ್ಟಿಸಿ ಆ ಕೋಟೆಗೆ ಕರೆದೊಯ್ಯುತ್ತಿದ್ದರು. ನಾವಿಬ್ಬರೂ ಆ ಸಾಲಿನಲ್ಲಿ ನಡೆದವರೇ. ನೀನು ಸಾಲಿನ ಮುಂದೆ, ಓಟದ ಪಂದ್ಯದಲ್ಲಿ ಗೆದ್ದ ಪದಕ ಕುತ್ತಿಗೆಯಲ್ಲಿ. ನಾನು ಹಿಂದೆ, ಚಪ್ಪಟೆ ಪಾದ ಎಳೆಯುತ್ತಾ, ಎಲ್ಲರ ನೀರಿನ ಬಾಟಲಿ ಹೊತ್ತುಕೊಂಡು. ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರನ್ನು ರಜಾ ಕೇಳಿದಾಗ, "ಊರಲ್ಲೇ ಇರೋ ಕೋಟೆ ನೋಡೋಕೆ ರಜಾನಾ?" ಎಂದು ಅವರು ನಕ್ಕದ್ದನ್ನೂ ನಿನ್ನ ಲೆಕ್ಕಕ್ಕೇ ಹಾಕಿಕೋ.

ಅಪ್ಪನನ್ನು ಒಂದು ದಿನ ಹೊರಗೆ ಕರೆದೊಯ್ಯುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ. ತಿಳಿಯಲಿ ಎಂದು ಬರೆಯುತ್ತೇನೆ, ದೂರಲು ಅಲ್ಲ. ಅನ್ನವನ್ನು ಮಿದ್ದು ಡಬ್ಬಿಗೆ ತುಂಬಬೇಕು. ಮಾತ್ರೆಗಳನ್ನು ಬೆಲ್ಲದಲ್ಲಿ ಅಡಗಿಸಿಡಬೇಕು. ಎದುರುಮನೆಯ ಟೈಲರಮ್ಮ ಗುಂಡಿಯ ಬದಲು ಎಲಾಸ್ಟಿಕ್ ಹಾಕಿ ಹೊಲಿದುಕೊಟ್ಟ ಪ್ಯಾಂಟುಗಳಲ್ಲಿ ಒಂದು ಮೈಮೇಲೆ, ಒಂದು ಚೀಲದಲ್ಲಿ. ಅದರ ಜೊತೆ ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಕವರು, ಟವೆಲು, ಸೋಪು. ಅಪ್ಪ ಮಾತ್ರ ಡ್ರಿಲ್ ಮಾಡಿಸುವಾಗ ಊದುತ್ತಿದ್ದ ಹಳೆಯ ಸೀಟಿಯನ್ನು ಕತ್ತಿಗೆ ತೂಗುಹಾಕಿಕೊಂಡು, ಮದುಮಗನ ಹಾಗೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ, "ನೀವೂ ಬರ್ತೀರಾ?" ಎಂದರು. ಮನೆಗೆಲಸದವಳೆಂದೋ ನರ್ಸೆಂದೋ, ದಿನಕ್ಕೊಂದು ಹುದ್ದೆ ಕೊಡುತ್ತಾರೆ ನನಗೆ. ಹೌದು, ಬರ್ತೀನಿ ಎಂದೆ.

ಬಸ್ಸಿನ ಗೈಡ್ ಒಬ್ಬಳು ಹುಡುಗಿ. ಎತ್ತರ, ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಹಳದಿ ಬಾವುಟ. ಕೋಟೆಯ ಬಾಗಿಲಲ್ಲಿ ಬಸ್ಸಿನಿಂದಿಳಿದು ಆ ಬಾವುಟ ಎತ್ತಿ ಅವಳು ದಾಪುಗಾಲು ಹಾಕಿದಳು ನೋಡು, ನಾನೇ ಒಂದು ಕ್ಷಣ ಮೋಸಹೋದೆ. ಹಿಂದಿನಿಂದ ಥೇಟ್ ನೀನೇ. ಅಪ್ಪ ನನ್ನ ಕೈ ಕೊಡವಿಕೊಂಡರು. ಹಾಸಿಗೆಯಿಂದ ಬಚ್ಚಲಿಗೆ ಹೋಗಲು "ಮಂಡಿ ಆಗಲ್ಲ, ಎತ್ಕೊಳ್ಳಿ" ಎನ್ನುವ ಮನುಷ್ಯ ಕೋಟೆಯ ಏರನ್ನು ಏರಿಬಿಟ್ಟರು ಅಕ್ಕಾ! ಜನರನ್ನೆಲ್ಲ ದಾಟಿ ಅವಳ ಪಕ್ಕಕ್ಕೆ ಹೋಗಿ ನಿಂತು, "ಮಗಳೇ, ಯಾವಾಗ ಬಂದೆ?" ಎಂದರು.

ಆ ಹುಡುಗಿ ಒಳ್ಳೆಯವಳೇ. ಮೊದಲು, "ನಾನು ನಿಮ್ಮ ಗೈಡು ತಾತಾ" ಎಂದಳು. ನಾನು ಏದುಸಿರು ಬಿಡುತ್ತಾ ಹತ್ತಿ ಹೋಗಿ ವಿಷಯ ಹೇಳಿದೆ. ಅವಳ ಮುಖ ಮೆತ್ತಗಾಯಿತು. "ಇರ್ಲಿ ಬಿಡಿ ಆಂಟಿ, ಒಂದು ದಿನ ತಾನೇ" ಎಂದಳು. ಅಲ್ಲಿಂದ ಮುಂದೆ ಅವಳು ಮಗಳು, ನಾನು ಚೀಲ ಹೊತ್ತ ಆಂಟಿ. ಅವಳು ಫಿರಂಗಿಯ ಕಥೆ ಹೇಳಿದರೆ ಅಪ್ಪ ಎಲ್ಲರ ಕಡೆ ತಿರುಗಿ, "ಕೇಳಿಸ್ಕೊಳ್ಳಿ, ನನ್ನ ಮಗಳು ಹೇಳ್ತಿದಾಳೆ" ಎಂದರು. ಯಾರಾದರೂ ಗುಂಪು ಬಿಟ್ಟು ಅತ್ತಿತ್ತ ಹೋದರೆ ಸೀಟಿ ಊದಿದರು. ಬಸ್ಸಿನವರಿಗೆಲ್ಲ ಮೋಜು. ಹೊಸದಾಗಿ ಮದುವೆಯಾದ ಜೋಡಿಯೊಂದು ಬೇಕೆಂದೇ ಸಾಲು ತಪ್ಪಿಸಿ ಸೀಟಿ ಊದಿಸಿಕೊಂಡು ನಗುತ್ತಿತ್ತು. ಅಪ್ಪ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ನಿಜ ಹೇಳುತ್ತೇನೆ, ನನಗೂ ಸಂತೋಷವಾಯಿತು. ಹೊಟ್ಟೆಯೊಳಗೆ ಕಿಚ್ಚೂ ಆಯಿತು. ಎರಡೂ ಒಟ್ಟಿಗೇ ಆದವು, ಯಾವುದು ಮೊದಲೆಂದು ಕೇಳಬೇಡ.

ರಾಣಿಯ ಸಮಾಧಿಯ ಹಿಂದಿನ ಹುಲ್ಲುಹಾಸಿನಲ್ಲಿ ಊಟಕ್ಕೆ ಕೂತೆವು. ಡಬ್ಬಿ ಬಿಚ್ಚಿ ಚಮಚದಲ್ಲಿ ಒಂದು ತುತ್ತು ಅಪ್ಪನ ಬಾಯಿಯ ಹತ್ತಿರ ಹಿಡಿದೆ. ಅವರು ಅದನ್ನು ಕೈಯಲ್ಲಿ ತೆಗೆದುಕೊಂಡು, ಪಕ್ಕದಲ್ಲಿ ಕೂತಿದ್ದ ಗೈಡಿನ ಬಾಯಿಗೆ ಚಾಚಿದರು. "ಓಡಿ ಬಂದಿದೀಯ, ಮೊದಲು ನೀನು ತಿನ್ನು." ಪಾಪ, ಆ ಮಿದ್ದ ಅನ್ನವನ್ನು ಅವಳು ತಿಂದಳು. ಎಲ್ಲರ ಕಣ್ಣೂ ಒದ್ದೆ. ಆಗ ಅಪ್ಪ ಅವಳ ಕಿವಿಯ ಬಳಿ ಬಾಗಿದರು. ಗುಟ್ಟು ಹೇಳುವ ಹಾಗೆ ಬಾಗಿದರು. ಆದರೆ ಕಿವಿ ಮಂದವಾದವರ ಗುಟ್ಟು ಹುಲ್ಲುಹಾಸಿಗೆಲ್ಲ ಕೇಳುತ್ತದೆ. "ನನ್ನ ಕರ್ಕೊಂಡು ಹೋಗ್ಬಿಡು ಮಗಳೇ. ಈ ಹೆಂಗಸು ನನ್ನ ಹೊಡೀತಾಳೆ. ಊಟ ಹಾಕಲ್ಲ."

ಅಕ್ಕಾ, ಡಬ್ಬಿ ನನ್ನ ತೊಡೆಯ ಮೇಲಿತ್ತು. ಚಮಚ ನನ್ನ ಕೈಯಲ್ಲಿತ್ತು.

ನಾನು ನಕ್ಕುಬಿಡಲು ಹೋದೆ, ಆ ನಗು ಇನ್ನೂ ಕೆಟ್ಟದಾಗಿ ಕಂಡಿರಬೇಕು. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿದ್ದ ಹೆಂಗಸು, ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸಾಗಿ ನಿವೃತ್ತಳಾದವಳು, ಎದ್ದು ಬಂದು, "ಎಲ್ಲಿ, ನೋಡೋಣ ಸಾರ್" ಎಂದು ಅಪ್ಪನ ಅಂಗಿಯ ತೋಳು ಮೇಲೆತ್ತಿದಳು. ಅಲ್ಲಿ ನೀಲಿಗಟ್ಟಿತ್ತು. ಹಿಂದಿನ ವಾರ ಬಚ್ಚಲಲ್ಲಿ ಅವರು ಸೋಪಿನ ಮೇಲೆ ಕಾಲಿಟ್ಟು ಜಾರಿದಾಗ ನಾನು ಬಾಚಿ ಹಿಡಿದ ತೋಳು ಅದು. ಬೆರಳುಗಳೆಲ್ಲ ಮೂಡಿದ್ದವು. ಬಿಟ್ಟಿದ್ದರೆ ತಲೆ ಒಡೆದುಕೊಳ್ಳುತ್ತಿದ್ದರು. ಆದರೆ ಆಗ ಮೈಮೇಲೆ ನನ್ನ ಬೆರಳಿನ ಗುರುತು ಇರುತ್ತಿರಲಿಲ್ಲ, ಎಲ್ಲರೂ ಬಂದು ನನಗೆ ಸಾಂತ್ವನ ಹೇಳುತ್ತಿದ್ದರು. "ಬಿದ್ದರು, ಹಿಡ್ಕೊಂಡೆ" ಎಂದೆ. "ಎಲ್ಲರೂ ಹಾಗೇ ಹೇಳೋದು" ಎಂದಳು ನರ್ಸು. "ನನ್ನ ಸರ್ವೀಸಲ್ಲಿ ಇಂಥ ಎಷ್ಟು ಕೈ ನೋಡಿಲ್ಲ ನಾನು." ಮದುವೆಯ ಜೋಡಿಯ ಹುಡುಗಿ ಗಂಡನ ಕಿವಿಯಲ್ಲಿ ಏನೋ ಅಂದಳು. ಮರೆವಿನ ಕಾಯಿಲೆ, ಹೀಗೆಲ್ಲ ಹೇಳ್ತಾರೆ ಎಂದು ಗೈಡಿಗೆ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ನನ್ನ ಮುಖ ನೋಡಿ ಆಡಿಸಲಿಲ್ಲ.

ಅರಮನೆಗೆ ಹೋಗುವಾಗ ನರ್ಸು ಅಪ್ಪನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಯಾರೋ ಬಿಸ್ಕತ್ತು ಕೊಟ್ಟರು. ಅಪ್ಪ ಹಸಿದವರಂತೆ ಗಬಗಬ ತಿಂದರು. ಮೊದಲ ತುತ್ತನ್ನು ಗೈಡಿಗೆ ಕೊಟ್ಟು, ಡಬ್ಬಿಯಲ್ಲಿ ಉಳಿದ ಅನ್ನವನ್ನು ಅವರೇ ಬೇಡವೆಂದು ತಳ್ಳಿದ್ದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನೀನು ಕಾದಿರಿಸಿದ ಕಿಟಕಿ ಪಕ್ಕದ ಸೀಟಿನಲ್ಲಿ ಚೀಲ ತಬ್ಬಿಕೊಂಡು ನಾನೊಬ್ಬಳೇ ಕೂತಿದ್ದೆ, ಕಳ್ಳಿಯ ಹಾಗೆ. ಅರಮನೆಯ ದರ್ಬಾರ್ ಹಾಲ್, ಗಾಜಿನ ದೀಪಗಳು, ಆನೆದಂತದ ಬಾಗಿಲು, ಎಲ್ಲವನ್ನೂ ಗೈಡ್ ತೋರಿಸಿದಳು. ನಾನು ಬರೀ ಜನರ ಬೆನ್ನು ನೋಡಿದೆ.

ದರ್ಬಾರಿನ ನಡುವೆ ಅಪ್ಪ ನಿಂತುಬಿಟ್ಟರು. ಆ ನಿಲುವು ನನಗೆ ಗೊತ್ತು. ಜನರ ನಡುವೆ ನುಗ್ಗಿ ಹೋಗುವಷ್ಟರಲ್ಲಿ ಆಗಿಹೋಗಿತ್ತು. ಪ್ಯಾಂಟು ತೊಯ್ದು, ರಾಜರ ಕಾಲದ ಆ ಹೊಳೆಯುವ ನೆಲದ ಮೇಲೆ ನೀರು ಹರಡುತ್ತಿತ್ತು. ಕಾವಲಿನವನು ಓಡಿ ಬಂದು, "ಯಾರ್ರೀ ಇವರ ಕಡೆಯವರು?" ಎಂದು ಕೂಗಿದ. ನೋಡಬೇಕಿತ್ತು ಅಕ್ಕಾ. ಅಷ್ಟು ಹೊತ್ತು ಅಪ್ಪನ ಕೈ ಹಿಡಿದಿದ್ದ ನರ್ಸು ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಬಿಸ್ಕತ್ತು ಕೊಟ್ಟವರು ದೀಪ ನೋಡುತ್ತಿದ್ದರು. ಅಪ್ಪ "ಮಗಳೇ, ಮಗಳೇ" ಎಂದು ಬಾವುಟದ ಕಡೆ ಕೈ ಚಾಚಿದರು. ಗೈಡ್, "ಬನ್ನಿ, ಬನ್ನಿ, ಮುಂದಿನ ಕೋಣೆ" ಎಂದು ಬಾವುಟ ಎತ್ತಿ ಗುಂಪನ್ನು ನಡೆಸಿಕೊಂಡು ಹೋದಳು. ಅವಳ ತಪ್ಪೆಂದು ನಾನು ಹೇಳುವುದಿಲ್ಲ. ಅವಳು ಮಾಡಿದ್ದು ನಿನ್ನ ಪಾತ್ರ, ಚೆನ್ನಾಗಿಯೇ ಮಾಡಿದಳು.

"ನನ್ನ ಕಡೆಯವರು" ಎಂದೆ ಕಾವಲಿನವನಿಗೆ. ಟವೆಲಿನಿಂದ ನೆಲ ಒರೆಸಿದೆ. ಶೌಚಾಲಯದಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ, ಮಂಡಿಯೂರಿ ಕೂತು, ಒಂದೊಂದೇ ಕಾಲು ಎತ್ತಿಸಿ ಪ್ಯಾಂಟು ಬದಲಿಸಿದೆ. ಅವರು ನನ್ನ ತಲೆಯ ಮೇಲೆ ಕೈಯೂರಿ ನಿಂತಿದ್ದರು, ಬೀಳದ ಹಾಗೆ. ಎಲ್ಲ ಮುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತಾ, ಬಹಳ ಮರ್ಯಾದೆಯಿಂದ, "ನೀವು ಯಾರೋ ತುಂಬಾ ಒಳ್ಳೆಯವರಮ್ಮಾ. ನನ್ನ ಮಗಳಿಗೆ ಹೇಳ್ತೀನಿ, ನಿಮಗೆ ಏನಾದ್ರೂ ಕೊಡ್ತಾಳೆ" ಎಂದರು. ನಾನು ಒದ್ದೆ ಪ್ಯಾಂಟನ್ನು ಕವರಿಗೆ ಹಾಕಿ ಗಂಟು ಕಟ್ಟಿದೆ.

ವಾಪಸು ಬರುವಾಗ ಅಪ್ಪನ ಪಕ್ಕ ಕೂರಲು ಯಾರೂ ಮುಂದೆ ಬರಲಿಲ್ಲ. ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಇಳಿಯುವಾಗ ಗೈಡ್ ಬಾಗಿಲಲ್ಲಿ ನಿಂತು, "ಸಾರಿ ಆಂಟಿ" ಎಂದಳು. ಯಾವುದಕ್ಕೆ ಸಾರಿಯೋ, ಅವಳಿಗೇ ಗೊತ್ತು. ನರ್ಸು ಮಾತ್ರ ಬಸ್ಸಿನ ಡ್ರೈವರ್ ಹತ್ತಿರ ನಮ್ಮ ವಿಳಾಸ ವಿಚಾರಿಸುತ್ತಿದ್ದಳು. ಅದನ್ನು ನೋಡಿಯೂ ನೋಡದವಳ ಹಾಗೆ ಆಟೋ ಕರೆದೆ.

ನೆನಪು ಮರಳಿತೇ ಎಂದು ಕೇಳಿದ್ದೆಯಲ್ಲ. ಮರಳಿತು. ನೀನು ಪೂರ್ತಿಯಾಗಿ ಮರಳಿದ್ದೀಯ. ಈಗ ದಿನವೂ ಬೆಳಿಗ್ಗೆ ಎದ್ದು ಸೀಟಿ ಊದಿ ನಿನ್ನನ್ನು ಕರೆಯುತ್ತಾರೆ. ಟೈಲರಮ್ಮ, "ನಿಮ್ಮಕ್ಕ ಊರಿಗೆ ಬಂದಿದಾರಾ?" ಎಂದು ಕೇಳಿದರು. ಬಂದು ಹೋದಳು, ಒಂದೇ ದಿನದ ಪ್ಯಾಕೇಜು ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಸರಿ, ಅಪ್ಪ ಹೊರಳಾಡುತ್ತಿದ್ದಾರೆ, ಏಳುವ ಹೊತ್ತು. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳ ಕೆನ್ನೆಗೆ ನನ್ನ ಮುತ್ತು. ಚಿಕ್ಕಮ್ಮ ಎಂದರೆ ಯಾರು ಎಂದು ಅವು ಕೇಳಿದರೆ ಹಳೆಯ ಫೋಟೋದಲ್ಲಿ ಹಿಂದಿನ ಸಾಲು ತೋರಿಸು. ಕತ್ತಿಗೆ ಬಿಸಿ ನೀರಿನ ಶಾಖ ಕೊಟ್ಟುಕೋ, ತಣ್ಣೀರು ಸುರಿದುಕೊಳ್ಳಬೇಡ.

ಇಂತು,
ಅಪ್ಪ ಹೇಳುವ ಪ್ರಕಾರ ಯಾರೋ ಒಳ್ಳೆಯವರು,
ಅಂದರೆ ನಿನ್ನ ತಂಗಿ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದಿಷ್ಟು. ನರ್ಸು ದೂರು ಕೊಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಹಿರಿಯರ ಕಲ್ಯಾಣದ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದು ಅಪ್ಪನ ತೋಳಿನ ಫೋಟೋ ತೆಗೆದುಕೊಂಡು ಹೋದರು. ಇವರಿಗೆ ಬೇರೆ ಯಾರಿದ್ದಾರೆ ಎಂದಾಗ ನಾನು ಬಾಯಿ ಬಿಡುವ ಮುಂಚೆ ಅಪ್ಪನೇ, "ದೊಡ್ಡ ಮಗಳಿದಾಳೆ, ಅವಳನ್ನ ಕೇಳಿ" ಎಂದರು. ನಿನ್ನ ನಂಬರು, ವಿಳಾಸ ಕೊಟ್ಟಿದ್ದೇನೆ. ನಾನು ಅಪ್ಪನನ್ನು ಹೊಡೆಯುತ್ತೇನೋ ಇಲ್ಲವೋ ಎಂದು ನಿನ್ನನ್ನು ಕೇಳುತ್ತಾರಂತೆ. ಇಲ್ಲ ಎನ್ನುವುದಾದರೆ ಫೋನಿನಲ್ಲಿ ಹೇಳಿದರೆ ಸಾಲದು, ನೀನೇ ಬಂದು, ಈ ಮನೆಯಲ್ಲಿ ಕೆಲವು ದಿನ ಇದ್ದು, ಕಣ್ಣಾರೆ ನೋಡಿ ಬರೆದುಕೊಡಬೇಕಂತೆ. ಹೌದು ಎನ್ನುವುದಾದರೆ ನೀನು ಬರುವುದೇ ಬೇಡ. ಅಪ್ಪನನ್ನು ಅವರೇ ನಿನ್ನ ಮನೆಯ ಬಾಗಿಲಿಗೆ ತಂದು ಬಿಡುತ್ತಾರೆ. ಅವರ ಬಟ್ಟೆ ಮಡಿಚಿ ಇಟ್ಟಿದ್ದೇನೆ. ಯೋಚನೆ ಮಾಡಿ ಹೇಳು ಅಕ್ಕಾ. ನೀನು ಏನು ಹೇಳಿದರೂ ನಾನು ಅಲ್ಲಗಳೆಯುವುದಿಲ್ಲ.