ಅಮೆಗೆ ಹತ್ತು ದಿನ, ಅವಳಿಗೆ ಎಷ್ಟು?

ಮಾನ್ಯ ಕಾರ್ಮಿಕ ನಿರೀಕ್ಷಕರೇ,

ಬಸಿರು ಕಳೆದುಕೊಂಡ ನನ್ನ ಸೊಸೆ ಸೌಜನ್ಯಳನ್ನು ಹನ್ನೊಂದನೆಯ ದಿನಕ್ಕೇ ಕೆಲಸಕ್ಕೆ ಕರೆದಿದ್ದಾರೆ. ಸೋಮವಾರ ಬಾರದಿದ್ದರೆ ಅವಳ ಜಾಗದಲ್ಲಿ ಬೇರೆಯವರು ಕೂರುತ್ತಾರಂತೆ. ಕರೆದ ಮ್ಯಾನೇಜರರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಯಾವತ್ತೂ ಹಾಗೆಯೇ. ಸಿಟ್ಟು ನಿಮ್ಮ ಮೇಲೆ. ನಿಮ್ಮನ್ನು ನಾನು ನಂಬಿದ್ದೆ.

ಮಾರ್ಚ್ ತಿಂಗಳಲ್ಲಿ ಅವಳೂ ನಾನೂ ದುಡಿಯುವ ಗೇರುಬೀಜದ ಕಾರ್ಖಾನೆಗೆ ಬಂದು ಮೈಕು ಹಿಡಿದು ನೀವೇ ಹೇಳಿದಿರಿ: ಗರ್ಭ ಹೋದರೆ ಆರು ವಾರ ಸಂಬಳ ಸಹಿತ ರಜೆ, ಇದು ಯಜಮಾನರ ದಯೆಯಲ್ಲ, ಕಾನೂನು, ತೊಂದರೆಯಾದರೆ ನನಗೆ ಫೋನ್ ಮಾಡಿ. ಸಿಪ್ಪೆ ಸುಲಿಯುವ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆ ವಾರವೇ ಉಪ್ಪುಂದದ ಅಮ್ಮನಿಗೆ ನಿಮ್ಮ ಹೆಸರಲ್ಲಿ ಹೂವಿನ ಪೂಜೆ ಕೊಟ್ಟೆ. ಹೆಸರು, ನಕ್ಷತ್ರ ಗೊತ್ತಿರಲಿಲ್ಲ; ಭಟ್ಟರು ‘ಸಾಹೇಬ್ರು’ ಅಂತಲೇ ಸಂಕಲ್ಪ ಮಾಡಿದರು.

ಸೌಜನ್ಯಳಿಗೆ ನಾಲ್ಕೂವರೆ ತಿಂಗಳಾಗಿತ್ತು. ರಜೆ ಅರ್ಜಿ ಬರೆದವಳು ನಾನು. ಬಸಿರು ಹೋದದ್ದನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನದಾದರೂ ನಿಲ್ಲಬೇಕಲ್ಲ ಎಂಬ ಹೆದರಿಕೆ. ಹಾಗಾಗಿ ‘ಜ್ವರ’ ಎಂದು ಬರೆದೆ. ಅದು ನನ್ನ ತಪ್ಪು. ಆರನೆಯ ದಿನ ಆಸ್ಪತ್ರೆಯ ಚೀಟಿ ಹಿಡಿದು ಹೋಗಿ ಮ್ಯಾನೇಜರರಿಗೆ ನಿಜ ಹೇಳಿದೆ.

“ಹಾಂಗಾರೆ ಅಮೆ ಅಲ್ದಾ ಜಲಜಕ್ಕ? ಹತ್ತ್ ದಿನ ಒಳ್ಗ್ ಬಪ್ಪುಕಾಗ, ದೇವ್ರ್ ಫೋಟೊ ಇತ್ತ್. ಹನ್ನೊಂದಕ್ಕೆ ಬರ್ಲಿ” ಎಂದರು.

ಅಮೆ ಎಂದರೆ ಹೆರಿಗೆಯ ಮೈಲಿಗೆ. ನಾನೂ ಪಾಲಿಸುವವಳೇ, ಹತ್ತು ದಿನ ದೇವರಿಗೆ ದೀಪ ಹಚ್ಚುವುದಿಲ್ಲ. ಆದರೆ ಆ ಹತ್ತು ದಿನ ದೇವರ ಫೋಟೊಕ್ಕೆ ಕೊಟ್ಟ ರಜೆ. ಅವಳ ಮೈಗೆ ಕೊಟ್ಟದ್ದು ಎಷ್ಟು? ಅಮೆ ಕಳೆದ ಕೂಡಲೇ ನೆತ್ತರು ನಿಲ್ಲುತ್ತದೆಯೇ? ಕುಡಿಯುವವರಿಲ್ಲದೆ ಎದೆಯಲ್ಲಿ ಕಟ್ಟಿದ ಹಾಲು ಹಿಂಗುತ್ತದೆಯೇ?

ಮರುದಿನ ನಿಮಗೆ ಫೋನ್ ಮಾಡಿದೆ. ಸೊಸೆಯ ಹೆಸರು ಹೇಳಿದ್ದೇ ತಡ, “ಅರ್ಜಿಯಲ್ಲಿ ಜ್ವರ ಅಂತ ಇದೆಯಲ್ಲಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ” ಎಂದಿರಿ. ಸಾಹೇಬರೇ, ಜ್ವರದ ಮಾತನ್ನು ನಾನು ಎತ್ತಿಯೇ ಇರಲಿಲ್ಲ! ನನಗಿಂತ ಮೊದಲು ನಿಮಗೆ ಯಾರು ಫೋನ್ ಮಾಡಿದ್ದರು? ಜ್ವರ ಎಂದದ್ದನ್ನು ಹೇಳಿದವರು ಆಸ್ಪತ್ರೆಯ ಚೀಟಿಯ ವಿಷಯ ಹೇಳಲಿಲ್ಲವೇ? ಅಥವಾ ಹೇಳಿಯೂ ನಿಮಗೆ ಕೇಳಿಸಲಿಲ್ಲವೇ?

ಪಕ್ಕದಲ್ಲಿ ಕೂರುವ ಅಕ್ಕು ಈಗ ದಿನಾ ಕೆಣಕುತ್ತಾಳೆ: “ಹ್ವಾಯ್ ಜಲಜಕ್ಕ, ನಿಮ್ ಸಾಹೇಬ್ರ್ ಎಂತ ಅಂದ್ರ್? ಇನ್ನೊಂದ್ ಪೂಜಿ ಕೊಡ್ಕಾ?” ನಾನು ಇನ್ನೊಂದು ಹಿಡಿ ಬೀಜ ಎಳೆದುಕೊಂಡು ಸುಲಿಯುತ್ತೇನೆ. ಮನೆಯಲ್ಲಿ ಸೌಜನ್ಯ, “ಅತ್ತೆ, ಗಲಾಟಿ ಬ್ಯಾಡ. ಕೂಕಂಡ್ ಮಾಡೂ ಕೆಲ್ಸ ಅಲ್ದಾ, ನಾ ಹೋತೆ” ಎನ್ನುತ್ತಾಳೆ. ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುವವಳು!

ನನಗೆ ಸಮಾಧಾನದ ಮಾತು ಬೇಡ. ಸೋಮವಾರದೊಳಗೆ ಆರು ವಾರದ ರಜೆಯೂ ಅವಳ ಜಾಗವೂ ಉಳಿಯುವಂತೆ ಕಾಗದದಲ್ಲಿ ಆದೇಶ ಕೊಡಿ. ಅದನ್ನು ಕಾರ್ಖಾನೆಯ ಗೋಡೆಗೂ ಕನ್ನಡದಲ್ಲಿ ಅಂಟಿಸಿ, ಇನ್ನೊಬ್ಬಳು ಜ್ವರವೆಂದು ಬರೆಯದ ಹಾಗೆ. ಕೊಡದಿದ್ದರೂ ನನ್ನ ಸೊಸೆಯನ್ನು ನಾನು ಕಳಿಸುವುದಿಲ್ಲ. ಅವಳ ಜಾಗದಲ್ಲಿ ಬೇರೆಯವರನ್ನು ಕೂರಿಸುವುದಾದರೆ ನೀವೇ ಬಂದು, ನನ್ನ ಎದುರಿಗೇ ಕೂರಿಸಿ.

ಇಂತಿ,
ಸೋಮವಾರ ಒಬ್ಬಳೇ ಕೆಲಸಕ್ಕೆ ಹೊರಡುವ
ಜಲಜ, ಉಪ್ಪುಂದ