ಸೀ ಹಾಕ್‌ನ ಸಿಳ್ಳೆ

ಸೀಡರ್ ಪಾರ್ಕ್, ಆಸ್ಟಿನ್
8 ನವೆಂಬರ್ 2025, ಶನಿವಾರ

ಪ್ರೀತಿಯ ಸೀತಾ,

ಇಲ್ಲಿ ನಾವೆಲ್ಲ ಆರಾಮ. ನಿನ್ನ ಮೊಣಕಾಲು ಹೇಗಿದೆ? ಹ್ಯೂಸ್ಟನ್ನಿನ ಆ ಮನೆಯಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ, ಬೇಕಾದ್ದನ್ನು ಅಳಿಯನ ಕೈಯಲ್ಲಿ ತರಿಸಿಕೋ. ಬಾಣಂತಿ ಅನಘಾ ಊಟ ಸರಿಯಾಗಿ ಮಾಡುತ್ತಾಳೆಯೇ? ಕೂಸು ಹಾಲು ಕುಡಿದು ಮಲಗುತ್ತದೆಯೇ? ನೀನು ಲೋಬಾನದ ಹೊಗೆ ಹಾಕಿ, ಹೊಗೆಯ ಅಲಾರಂ ಹೊಡೆದುಕೊಂಡು, ಪಕ್ಕದ ಮನೆಯವರು ಓಡಿ ಬಂದ ಕಥೆಯನ್ನು ಅನಘಾ ವಾಟ್ಸ್ಯಾಪ್‌ನಲ್ಲಿ ಬರೆದಿದ್ದಳು. ಓದಿ ಓದಿ ನಕ್ಕೆ. ನನ್ನ ಕೆಮ್ಮು ಪೂರ್ತಿ ಹೋಗಿದೆ. ಇನ್ನು ಕೂಸಿನ ಹತ್ತಿರ ಬರಲು ನಿನ್ನ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ನೌಕಾಪಡೆಯಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಇದನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನೀನು ನಗುತ್ತೀಯ, ಇಲ್ಲವೇ ಬೈಯುತ್ತೀಯ. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಮಾಡು.

ನೀನು ಇಲ್ಲಿಂದ ಹೊರಡುವ ಹೊತ್ತಿಗೆ ಪ್ರಶಾಂತನೂ ಅವನ ಗೆಳೆಯರೂ ಹೊಸದೊಂದು ವಿಮಾನ ಶುರುಮಾಡುವ ಮಾತಾಡುತ್ತಿದ್ದರಲ್ಲ, ನೆನಪಿದೆಯೇ? ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುವ ಸಿಮ್ಯುಲೇಟರಿಗೆ ಹಳೆಯ ವಿಮಾನಗಳನ್ನು ಇದ್ದದ್ದು ಇದ್ದಂತೆ ಕಟ್ಟುವ ಎಂಟು ಜನ ಅವರು. ಆಟ ಎಂದರೆ ನಮ್ಮ ಈ ಹಿರಿಯ ಅಳಿಯನಿಗೆ ಸಿಟ್ಟು ಬರುತ್ತದೆ. ಈ ಸಲ ಅವರು ಆರಿಸಿಕೊಂಡದ್ದು ಸೀ ಹಾಕ್. ವಿಕ್ರಾಂತ್ ಹಡಗಿನ ಮೇಲೆ ನಾನು ಮೆಕ್ಯಾನಿಕ್ ಆಗಿದ್ದಾಗ ಕೈಯಾರೆ ಒರೆಸಿ, ತಳ್ಳಿ, ರಿಪೇರಿ ಮಾಡುತ್ತಿದ್ದ ಅದೇ ಜೆಟ್ ವಿಮಾನ. ಸೆಪ್ಟೆಂಬರಿನ ಒಂದು ಸಂಜೆ ಪ್ರಶಾಂತ "ಮಾವ, ಇದು ಸರಿ ಇದೆಯಾ ಸ್ವಲ್ಪ ನೋಡಿ" ಎಂದು ಕರೆದ. ಹೋಗಿ ನೋಡಿದರೆ ಪರದೆಯ ಮೇಲೆ ಹಡಗಿನ ಡೆಕ್ಕು, ಅದರ ಅಂಚಿನಲ್ಲಿ ಎರಡೂ ರೆಕ್ಕೆ ಮೇಲೆ ಮಡಿಸಿಕೊಂಡು ನಿಂತ ಸೀ ಹಾಕ್. ಐವತ್ತು ವರ್ಷದ ಮೇಲಾಗಿತ್ತು ಸೀತಾ, ಅದನ್ನು ಹಾಗೆ ಹಡಗಿನ ಮೇಲೆ ನೋಡಿ. ಪರದೆಯ ಹತ್ತಿರ ಹೋಗಿ ರೆಕ್ಕೆಯ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಪ್ರಶಾಂತ ತಪ್ಪಾಗಿದೆಯೇನೋ ಎಂದು ಹೆದರಿ ನನ್ನ ಮುಖವನ್ನೇ ನೋಡುತ್ತಿದ್ದ.

ತಪ್ಪುಗಳೂ ಇದ್ದವು. ಹಡಗಿಗೆ ಇಳಿಯುವ ವಿಮಾನವನ್ನು ಡೆಕ್ಕಿನ ಮೇಲೆ ಅಡ್ಡಕ್ಕೆ ಕಟ್ಟಿದ ಉಕ್ಕಿನ ತಂತಿ ಹಿಡಿದು ನಿಲ್ಲಿಸುತ್ತದೆ. ಇವರ ವಿಮಾನ ಬಾಲದ ಕೊಕ್ಕೆಗೆ ತಂತಿ ಸಿಕ್ಕಿದ್ದೇ ಗೂಟಕ್ಕೆ ಕಟ್ಟಿದ ಹಾಗೆ ಗಕ್ಕನೆ ನಿಂತುಬಿಡುತ್ತಿತ್ತು. ಹಾಗಲ್ಲಪ್ಪ, ತಂತಿ ಅದನ್ನು ಸ್ವಲ್ಪ ಹಿಂದಕ್ಕೆಳೆಯುತ್ತದೆ, ಹಿಂದಕ್ಕೆ ಉರುಳಿದ ಮೇಲೆಯೇ ಕೊಕ್ಕೆ ಬಿಡುವುದು, ಆ ಹೊತ್ತಿನಲ್ಲಿ ನಾವು ಚಕ್ರದ ಹಿಂದೆ ನಿಂತಿದ್ದರೆ ಕಾಲು ಹೋಯಿತು ಎಂದೆ. ಮಾರನೆಯ ದಿನ ಪ್ರಶಾಂತ ಅದನ್ನು ತಿದ್ದಿ ತೋರಿಸಿದಾಗ ಕುರ್ಚಿಯಲ್ಲಿ ಕೂತಿದ್ದವನು ನನಗೆ ತಿಳಿಯದೆಯೇ ಕಾಲು ಹಿಂದಕ್ಕೆ ತೆಗೆದುಕೊಂಡೆ. ಹೀಗೆ ಒಂದೊಂದಾಗಿ ನಲವತ್ತೊಂದು ವಿಷಯ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ನಿನಗೆ ಎಂದೂ ಹೇಳದ ಒಂದು ಸಂಗತಿಯನ್ನೂ ಅವನಿಗೆ ಹೇಳಿದೆ. ಎಪ್ಪತ್ತೊಂದರ ಯುದ್ಧದಲ್ಲಿ ಒಂದು ವಿಮಾನ ರೆಕ್ಕೆಯಲ್ಲಿ ಗುಂಡಿನ ತೂತು ಹೊತ್ತು ವಾಪಸು ಬಂತು. ಅದಕ್ಕೆ ತಗಡಿನ ತೇಪೆ ಹಾಕಿ ರಿವೆಟ್ ಹೊಡೆದವನು ನಾನು. ಆಗ ನನಗೆ ಇಪ್ಪತ್ತು ವರ್ಷ. ಎರಡು ತಾಸಿನಲ್ಲಿ ಅದೇ ವಿಮಾನ ಮತ್ತೆ ಹಾರಿತು. ಅದು ತಿರುಗಿ ಬರುವವರೆಗೆ ನಾನು ನೀರು ಕುಡಿಯಲಿಲ್ಲ. ಬಂತು. ಪೈಲಟ್ ಕೆಳಗಿಳಿದು ತೇಪೆಯನ್ನು ಕೈಯಿಂದ ಸವರಿ, ನನ್ನ ಕಡೆ ನೋಡಿ ತಲೆಯಾಡಿಸಿ ಹೋದರು, ಅಷ್ಟೇ. ನೀನು ಎಷ್ಟೋ ಸಲ "ಯುದ್ಧದಾಗ ನೀವೇನ್ ಮಾಡಿದ್ರಿ?" ಎಂದು ಕೇಳಿದ್ದೀ. ಮಾಡಿದ್ದು ಇದು.

ಇನ್ನು ಮುಖ್ಯ ವಿಷಯ. ಸೀ ಹಾಕ್‌ನ ಇಂಜಿನ್ನಿಗೆ ಒಂದು ಸಿಳ್ಳೆಯಿದೆ. ಗುಡುಗಿನಂಥ ಸದ್ದಿನ ಮೇಲೆ ಸೂಜಿಯ ಹಾಗೆ ಚುಚ್ಚುವ ಸಿಳ್ಳೆ. ಇಂಗ್ಲೆಂಡಿನ ಯಾರೋ ಪುಣ್ಯಾತ್ಮರು ಹಿಂದೆಂದೋ ರೆಕಾರ್ಡ್ ಮಾಡಿಟ್ಟಿದ್ದ ನಿಜವಾದ ಸದ್ದನ್ನೇ ಇವರು ಹಾಕಿದ್ದರು. ನಾನು ಕೇಳಿ, ಗುಡುಗು ಸರಿ, ಸಿಳ್ಳೆ ಎಲ್ಲಿ ಎಂದೆ. ಪ್ರಶಾಂತ ಹೆಚ್ಚಿಸಿದ. ಸಾಲದು ಎಂದೆ. ಇನ್ನಷ್ಟು ಹೆಚ್ಚಿಸಿದ. ಮೂರನೆಯ ಸಲ ಅವನು ಏನೋ ಹೇಳಲು ಹೋಗಿ, ಮತ್ತೆ ಹೆಚ್ಚಿಸಿದ. ನನಗೋ ಹೆಮ್ಮೆ. ಆ ಡೆಕ್ಕಿನ ಮೇಲೆ ನಿಂತವನು ನಾನು, ಯಂತ್ರಕ್ಕಿಂತ ನನ್ನ ನೆನಪೇ ಗಟ್ಟಿ ಎಂದು.

ಕಳೆದ ಶನಿವಾರ ಎಲ್ಲರೂ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ದರ್ಶನ್ ಮನೆಯಲ್ಲಿ ಸೇರಿದರು. ಈ ಗುಂಪನ್ನು ಕಟ್ಟಿದವನೇ ದರ್ಶನ್. ಮೂರು ತಾಸು ಡ್ರೈವ್ ಮಾಡಿಕೊಂಡು ಹೋಗಿ, ದೇವಸ್ಥಾನದಲ್ಲಿ ಕೈಮುಗಿದು, ಅವನ ಹೆಂಡತಿ ಅನುರಾಧಾ ಮಾಡಿದ ಬಿಸಿಬೇಳೆಬಾತ್ ತಿಂದೆವು. ರುಚಿಯಾಗಿತ್ತು, ನೀನು ಮಾಡಿದಷ್ಟಲ್ಲ. ಊಟದ ಮೇಲೆ ದೊಡ್ಡ ಸ್ಪೀಕರುಗಳಿಗೆ ಜೋಡಿಸಿ ಇಂಜಿನ್ ಶುರುಮಾಡಿದರು. ನಾನು ಮುಂದಕ್ಕೆ ಬಾಗಿ ಕಣ್ಣು ಮುಚ್ಚಿ ಕೇಳಿದೆ. "ಇನ್ನೂ ಸ್ವಲ್ಪ ಬೇಕಪ್ಪ" ಎಂದು ಕಣ್ಣು ತೆರೆದು ನೋಡುತ್ತೇನೆ, ಅವರ ನಾಯಿ ಬಾಲ ಮುದುರಿಕೊಂಡು ಬಚ್ಚಲಮನೆಗೆ ಓಡುತ್ತಿದೆ. ಅನುರಾಧಾ ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ. ಉಳಿದವರೆಲ್ಲ ಹಲ್ಲು ಕಚ್ಚಿ ಮರ್ಯಾದೆಯಿಂದ ಕೂತಿದ್ದಾರೆ. ಪ್ರಶಾಂತ ಮಾತ್ರ ನೆಲ ನೋಡುತ್ತಿದ್ದ. ದರ್ಶನ್ ಸದ್ದು ನಿಲ್ಲಿಸಿ, "ಅಂಕಲ್ ಹೇಳಿದ ಹಾಗೇ ಇಟ್ಬಿಡೋಣ ಬಿಡ್ರೋ, ಅಲ್ಲಿದ್ದವರು ಅವರು" ಎಂದ.

ಸೀತಾ, ಆಗ ನನಗೆ ಗೊತ್ತಾಯಿತು. ಸಿಳ್ಳೆ ಮೊದಲ ದಿನದಿಂದಲೂ ಅಲ್ಲೇ ಇತ್ತು. ಇಲ್ಲದ್ದು ನನ್ನ ಕಿವಿಯಲ್ಲಿ. ಡೆಕ್ಕಿನ ಮೇಲೆ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳಲೆಂದು ಕೊಟ್ಟಿದ್ದನ್ನು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವುದಿಲ್ಲವೆಂದು ನಾವು ಹುಡುಗರೇ ತೆಗೆದು ಕುತ್ತಿಗೆಗೆ ಇಳಿಸಿಕೊಳ್ಳುತ್ತಿದ್ದೆವು. ಯಾವ ಸಿಳ್ಳೆಯನ್ನು ನಾನು ಹುಡುಕುತ್ತಿದ್ದೆನೋ ಅದೇ ನನ್ನ ಕಿವಿಯನ್ನು ತಿಂದಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಒಪ್ಪಿಕೊಂಡರೆ ಉಳಿದ ನಲವತ್ತೊಂದು ಮಾತನ್ನೂ ಇವರು ನಂಬುವುದಿಲ್ಲ, ಮುದುಕ ಏನೇನೋ ಹೇಳಿದ ಎಂದುಕೊಳ್ಳುತ್ತಾರೆ ಎಂದು ಹೆದರಿಕೆಯಾಯಿತು. ಆದರೆ ಸುಳ್ಳು ಸದ್ದು ಹೊತ್ತ ಸೀ ಹಾಕ್ ನನ್ನ ಮಾತಿನಿಂದ ಊರೆಲ್ಲ ಹಾರುವುದು ಬೇಡ. "ಬೇಡಪ್ಪ, ರೆಕಾರ್ಡಿಂಗ್ ಹೇಗಿದೆಯೋ ಹಾಗೇ ಇಡಿ. ನನಗೆ ಕಿವಿ ಕೇಳೋದಿಲ್ಲ" ಎಂದೆ. ಆ ಮೂರು ಶಬ್ದಗಳನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿದ್ದು.

ಯಾರೂ ನಗಲಿಲ್ಲ. ದರ್ಶನ್ ತನ್ನ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತು, ನನ್ನ ಕಡೆ ಮುಖ ತಿರುಗಿಸಿ ನಿಧಾನವಾಗಿ ಹೇಳಿದ: "ಅಂಕಲ್, ನೀವು ಹೇಳಿದ್ದನ್ನ ಒಂದೊಂದನ್ನೂ ಹಳೇ ಫಿಲ್ಮು, ಮ್ಯಾನ್ಯುಯಲ್ ಇಟ್ಕೊಂಡು ಚೆಕ್ ಮಾಡಿದೀವಿ. ಬೇಜಾರ್ ಮಾಡ್ಕೋಬೇಡಿ, ಎಲ್ಲರದ್ದೂ ಮಾಡ್ತೀವಿ. ಮೂವತ್ತೆಂಟು ಸರಿಯಾಗಿವೆ. ಮೂರಕ್ಕೆ ಎಲ್ಲೂ ಸಾಕ್ಷಿ ಸಿಗಲಿಲ್ಲ, ನೀವೇ ಸಾಕ್ಷಿ ಅಂತ ಇಟ್ಕೊಂಡಿದೀವಿ. ಸೌಂಡ್ ಒಂದೇ ಹೊಂದ್ತಾ ಇರ್ಲಿಲ್ಲ. ನಿಮಗೆ ಹೇಗೆ ಹೇಳೋದು ಅಂತ ಪ್ರಶಾಂತ ಎರಡು ವಾರದಿಂದ ಒದ್ದಾಡ್ತಿದ್ದ." ಪಾಪ ಹುಡುಗ! ಅವನ ಬೆನ್ನು ತಟ್ಟಿದೆ. ಆಮೇಲೆ ಎಲ್ಲರೂ ಸೇರಿ ನನ್ನನ್ನು ಪೈಲಟ್ ಕುರ್ಚಿಗೆ ಕೂರಿಸಿದರು. ಹದಿನೈದು ವರ್ಷ ಆ ಕೆಲಸದಲ್ಲಿದ್ದು ಒಂದು ದಿನವೂ ಹಾರಿಸದವನು ನಾನು. ನಾಲ್ಕು ಸಲ ನೇರವಾಗಿ ಸಮುದ್ರಕ್ಕೆ ಹಾಕಿದೆ. ಐದನೆಯ ಸಲ ತಂತಿ ಸಿಕ್ಕಿತು. ಅನುರಾಧಾ ಚಪ್ಪಾಳೆ ತಟ್ಟಿದಳು. ನಾಯಿಯೂ ಹೊರಗೆ ಬಂತು.

ಸೋಮವಾರ ನಾನೇ ರಾಜಿಗೆ ಹೇಳಿ ಕಿವಿ ಪರೀಕ್ಷೆಗೆ ಹೋದೆ. ನಮ್ಮ ಹಿರಿಮಗಳು ಹತ್ತು ವರ್ಷದಿಂದ ಹೇಳಿ ಹೇಳಿ ಸಾಕಾಗಿದ್ದವಳು, ಕಾರಿನಲ್ಲಿ ಕಣ್ಣೊರೆಸಿಕೊಂಡಳು. ಮೊನ್ನೆ ಗುರುವಾರ ಎರಡೂ ಕಿವಿಗೆ ಯಂತ್ರ ಬಂತು, ಕಡಲೆ ಕಾಳಿನಷ್ಟು ಸಣ್ಣದು. ಈಗ ಈ ಮನೆಯ ಫ್ರಿಜ್ ದಿನವಿಡೀ ಗುಂಯ್‌ಗುಡುತ್ತದೆ, ನನ್ನ ಚಪ್ಪಲಿ ಕಿರುಗುಟ್ಟುತ್ತದೆ, ರಾಜಿಯ ಬಳೆಗಳಿಗೂ ಸದ್ದಿದೆ. ನಿನ್ನೆ ಸೀ ಹಾಕ್‌ನ ನಿಜವಾದ ಸದ್ದನ್ನೂ ಹಾಕಿಸಿಕೊಂಡು ಕೇಳಿದೆ. ಸಿಳ್ಳೆ ಇದೆ. ಎಷ್ಟಿರಬೇಕೋ ಅಷ್ಟೇ ಇದೆ. ಡಿಸೆಂಬರಿನಲ್ಲಿ ಅದನ್ನು ಎಲ್ಲರೂ ಹಾರಿಸಬಹುದಂತೆ.

ನಿನ್ನ ಹತ್ತಿರ ಒಂದು ಮಾತು ಕೇಳಬೇಕು. ಇಷ್ಟು ವರ್ಷ "ಬಾಯಿ ಬಿಟ್ಟು ಹೇಳು, ಗೊಣಗಬೇಡ" ಎಂದು ನಿನ್ನ ಮೇಲೆ ರೇಗಿದ್ದೇನೆ. "ಏನ್ರಿ, ಗ್ವಾಡಿ ಕೂಡ ಮಾತಾಡಿಧಾಂಗ ಆತು" ಎಂದು ನೀನು ಒಳಗೆ ಹೋಗಿಬಿಡುತ್ತಿದ್ದೆ. ನೀನು ಒಂದು ದಿನವೂ ಗೊಣಗಿರಲಿಲ್ಲ. ಗೋಡೆಯಾಗಿದ್ದವನು ನಾನೇ, ತಪ್ಪು ನನ್ನದು. ಕ್ಷಮಿಸು.

ಅನಘಾಗೂ ಅಳಿಯನಿಗೂ ನನ್ನ ಆಶೀರ್ವಾದ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ನಾವು ಬರುವಾಗ ನಿನಗೆ ಏನು ತರಲಿ? ಮೊಣಕಾಲಿನ ಎಣ್ಣೆ ಆಗಲೇ ಪ್ರಶಾಂತನ ಚೀಲದಲ್ಲಿ ಇಟ್ಟಿದ್ದೇನೆ.

ನಿನ್ನ
ವೆಂಕಟಗಿರಿ

ತಾ.ಕ.: ರಾಜಿ ಅಂಚೆಪೆಟ್ಟಿಗೆಗೆ ಹಾಕಲು ಕೈಚಾಚಿ ನಿಂತಿದ್ದಾಳೆ, ಅವಳಿಗೆ ಕಾಣದಂತೆ ಬರೆಯುತ್ತಿದ್ದೇನೆ. ಕೂಸಿಗೆ ಹೆಸರಿಟ್ಟ ದಿನ ನೀನು ಫೋನಿನಲ್ಲಿ ಹೆಸರು ಹೇಳಿದೆ. ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದೆ, ಹೇಳಿದೆ, ಆಗಲೂ ತಿಳಿಯಲಿಲ್ಲ. "ಭಾಳ ಚಲೋ ಹೆಸರು" ಎಂದು ಫೋನ್ ಇಟ್ಟುಬಿಟ್ಟೆ. ಇಲ್ಲಿ ಎಲ್ಲರೂ ಬೇಬಿ ಬೇಬಿ ಅನ್ನುತ್ತಾರೆ, ಫೋಟೋಗಳ ಕೆಳಗೂ ಬರೀ ಹೃದಯದ ಚಿತ್ರಗಳು. ಮೂರು ವಾರವಾಯಿತು, ನನ್ನ ಮೊಮ್ಮಗಳ ಹೆಸರು ನನಗೆ ಗೊತ್ತಿಲ್ಲ. ಮಕ್ಕಳಿಗೆ ಹೇಳಬೇಡ. ಮುಂದಿನ ಶನಿವಾರ ಪ್ರಶಾಂತನ ಜೊತೆ ಬರುತ್ತೇನೆ. ಬಾಗಿಲು ನೀನೇ ತೆಗೆ. ತೆಗೆದ ಕೂಡಲೇ ಒಮ್ಮೆ ಹೇಳಿಬಿಡು. ಮೆಲ್ಲಗೆ ಹೇಳಿದರೂ ಸಾಕು.